ಆರ್‌ಎನ್‌ಆರ್ 15048 ಖರೇನೇ 'ಶುಗರ್ ಅಕ್ಕಿ' ಏನ್ರಿ? ಬೀಜ, ಮಿಲ್ಲು, ಊಟ ಮೂರೂ ತಿಳಿದವರು ಹೇಳ್ರಿ

ಕಾರಟಗಿ_ನೆಲ್ಲು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕಿರಾಣಿ ಅಂಗಡಿಗಳಾಗ ಆರ್‌ಎನ್‌ಆರ್ ಅಕ್ಕಿ ಚೀಲದ ಮ್ಯಾಲ 'ಶುಗರ್ ಇದ್ದವರಿಗೆ' ಅಂತ ಬರದು ಮಾರಾಕತ್ತಾರ. ಕೆಲವು ಚೀಲದ ಮ್ಯಾಲ 'ಶುಗರ್‌ಲೆಸ್' ಅಂತನೂ ಐತಿ. ಅಕ್ಕಿ ಅಂದಮ್ಯಾಲ ಪಿಷ್ಟ ಇರಬೇಕು, ಪಿಷ್ಟ ಅಂದಮ್ಯಾಲ ಹೊಟ್ಟ್ಯಾಗ ಸಕ್ಕರಿ ಆಗಬೇಕು. ಶುಗರ್‌ಲೆಸ್ ಹೆಂಗ ಆಗ್ತದ? ಇದು ಒಂದು. ಎರಡನೇದು, ಆ ಗುಣ ಬೀಜದಾಗ ಇದ್ರ ನಮ್ಮ ಹೊಲದಾಗ ಬೆಳದ ನೆಲ್ಲಿನಾಗೂ ಅಷ್ಟೇ ಇರ್ತದೇನು? ಮೂರನೇದು, ಬಿಪಿಟಿ (ನಮ್ಮ ಕಡೆ ಹಾಕೋ ಸಣ್ಣಕ್ಕಿ ತಳಿ, ಬಿಪಿಟಿ 5204) ಬಿಟ್ಟು ಇದನ್ನ ಹಾಕೋರು ಏನು ನೋಡ್ಕೋಬೇಕು? ಜಾಹೀರಾತಿನ ಮಾತು ಬ್ಯಾಡ್ರಿ, ಅಂಕಿ ಸಮೇತ ಬೇಕು.

ತಳಿ_ಮಡಿ

ಮೊದಲು ಹುಟ್ಟು ತಿಳಿಯೋಣ. ಆರ್‌ಎನ್‌ಆರ್ 15048 ಹೈದರಾಬಾದಿನ ರಾಜೇಂದ್ರನಗರದ ಕೃಷಿ ವಿಶ್ವವಿದ್ಯಾಲಯದ ತಳಿ, 2015ರಲ್ಲಿ ಬಿಡುಗಡೆಯಾಯಿತು. ತಾಯಿ ಎಂಟಿಯು 1010, ತಂದೆ ಜೆಜಿಎಲ್ 3855. ಸಂಕರ ಮಾಡಿದ್ದು ಸಣ್ಣ ಕಾಳು, ಕಡಿಮೆ ಅವಧಿ, ಬೆಂಕಿ ರೋಗ ತಡೆಯುವ ಶಕ್ತಿ ಬೇಕು ಅಂತ. ಸಕ್ಕರೆ ಕಾಯಿಲೆಯವರನ್ನು ಮನಸ್ಸಿನಲ್ಲಿಟ್ಟು ಮಾಡಿದ ತಳಿ ಅಲ್ಲ. ಅನ್ನದ ಗ್ಲೈಸಿಮಿಕ್ ಸೂಚ್ಯಂಕ (ಉಂಡದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅನ್ನುವ ಅಳತೆ, ಮುಂದೆ ಜಿಐ ಅನ್ನುತ್ತೇನೆ) ಅಳೆದಾಗ 51ರ ಆಸುಪಾಸು ಬಂತು, ಅಲ್ಲಿಂದ ಈ ಹೆಸರು ಅಂಟಿಕೊಂಡಿತು. 55 ಮತ್ತು ಅದಕ್ಕಿಂತ ಕೆಳಗಿದ್ದರೆ ಕಡಿಮೆ, 56ರಿಂದ 69 ಮಧ್ಯಮ, 70 ಮತ್ತು ಅದಕ್ಕಿಂತ ಮೇಲಾದರೆ ಹೆಚ್ಚು. ಅಂದರೆ 'ಕಡಿಮೆ' ಪಟ್ಟಿಯಲ್ಲಿದೆ, ಗಡಿಯಿಂದ ನಾಲ್ಕು ಅಂಕಿ ಈಚೆಗೆ. 'ಶುಗರ್‌ಲೆಸ್' ಅನ್ನುವುದು ಶುದ್ಧ ಸುಳ್ಳು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, ಆರ್‌ಎನ್‌ಆರ್ ಆದರೂ ಅಷ್ಟೇ, ಬಿಪಿಟಿ ಆದರೂ ಅಷ್ಟೇ. ಬೇರೆ ಇರುವುದು ಅದು ರಕ್ತಕ್ಕೆ ಇಳಿಯುವ ವೇಗ.

ಆ ವೇಗ ಎಲ್ಲಿಂದ ಬರುತ್ತದೆ ಅಂದರೆ ಪಿಷ್ಟದ ಎರಡು ಭಾಗಗಳಿಂದ. ಅಮೈಲೋಪೆಕ್ಟಿನ್ ಕವಲು ಕವಲಾಗಿ ಹರಡಿಕೊಂಡಿರುತ್ತದೆ, ಜೀರ್ಣರಸಕ್ಕೆ ಕಡಿಯಲು ಸಾವಿರ ತುದಿ ಸಿಗುತ್ತವೆ. ಅಮೈಲೋಸ್ ಹೆಚ್ಚುಕಡಿಮೆ ಉದ್ದ ದಾರ, ಬೆಂದು ಆರಿದ ಮೇಲೆ ಒತ್ತೊತ್ತಾಗಿ ಕೂತುಬಿಡುತ್ತದೆ, ನಿಧಾನ ಕರಗುತ್ತದೆ. ಅಮೈಲೋಸ್ ಎಷ್ಟಿರಬೇಕು ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು 6ನೇ ವರ್ಣತಂತುವಿನ ವ್ಯಾಕ್ಸಿ ಜೀನ್. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 2011ರಲ್ಲಿ 235 ತಳಿ ನೋಡಿ ಜಿಐ 48ರಿಂದ 92ರವರೆಗೆ ಇದೆ, ಸರಾಸರಿ 64 ಎಂದು ಹೇಳಿದ್ದರು. ಅಲ್ಲೂ ಈ ಜೀನಿನದೇ ದೊಡ್ಡ ಪಾಲು.

ಆದರೆ ಇಲ್ಲೊಂದು ತೊಡಕು. ಆರ್‌ಎನ್‌ಆರ್ ಮತ್ತು ಬಿಪಿಟಿ 5204 ಎರಡೂ ಮಧ್ಯಮ ಅಮೈಲೋಸ್ (20ರಿಂದ 25%) ತಳಿಗಳೇ. ಅಮೈಲೋಸ್ ಒಂದನ್ನೇ ನೋಡಿ ಜಿಐ ಹೇಳಿದರೆ ತಪ್ಪಾಗುತ್ತದೆ. ಬೇಯುವ ಉಷ್ಣತೆ, ಪ್ರೋಟೀನು, ಕಾಳಿನ ಒಳಗಟ್ಟು, ಎಲ್ಲ ಸೇರುತ್ತದೆ.

ಎರಡನೇ ಪ್ರಶ್ನೆಗೆ ಉತ್ತರ: ಗುಣ ಬೀಜದಲ್ಲಿದೆ, ಆದರೆ ಹವೆ ಅದನ್ನು ಅಲುಗಿಸುತ್ತದೆ. ಕಾಳು ಹಾಲುಗಟ್ಟುವಾಗ ಬಿಸಿಲು ಹೆಚ್ಚಾದರೆ ಅಮೈಲೋಸ್ ಕಟ್ಟುವ ಕಿಣ್ವ ಸೊರಗುತ್ತದೆ, ಅಮೈಲೋಸ್ ಇಳಿಯುತ್ತದೆ, ಕಾಳಿನ ಹೊಟ್ಟೆಯಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಕಾಣುತ್ತದೆ. ನವೆಂಬರಿನಲ್ಲಿ ಕಾಳು ಕಟ್ಟಿದ ಮುಂಗಾರು ಬೆಳೆಗೂ ಏಪ್ರಿಲ್ ಬಿಸಿಲಿಗೆ ಸಿಕ್ಕ ಬೇಸಿಗೆ ಬೆಳೆಗೂ ಒಂದೇ ಅಂಕಿ ಅಂಟಿಸಬೇಡಿ.

ಲ್ಯಾಬ್_ಟೇಬಲ್

'ಜಿಐ ಟೆಸ್ಟ್ ಮಾಡಿಸಿದ ಅಕ್ಕಿ' ಅನ್ನುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಮನುಷ್ಯರ ಮೇಲೆ ಮಾಡಿದ್ದೋ, ಟೆಸ್ಟ್ ಟ್ಯೂಬಿನಲ್ಲಿ ಕಿಣ್ವ ಹಾಕಿ ಮಾಡಿದ್ದೋ? ಟ್ಯೂಬಿನದು ಅಂದಾಜು, ಸಾವಿರಾರು ತಳಿ ಸಾಲುಗಳನ್ನು ಸೋಸಲು ತಳಿಶಾಸ್ತ್ರಜ್ಞರಿಗೆ ಅನುಕೂಲ. ನಿಜವಾದ ಜಿಐಗೆ ಐಎಸ್‌ಒ 26642 ಅಂತ 2010ರ ವಿಧಾನ ಇದೆ. ಕನಿಷ್ಠ 10 ಜನ ಆರೋಗ್ಯವಂತರು, ರಾತ್ರಿಯಿಡೀ ಖಾಲಿ ಹೊಟ್ಟೆ. 50 ಗ್ರಾಂ ಜೀರ್ಣವಾಗುವ ಕಾರ್ಬೋಹೈಡ್ರೇಟ್ ಸಿಗುವಷ್ಟು ಅನ್ನ. 50 ಗ್ರಾಂ ಅನ್ನ ಅಲ್ಲ, ಇಲ್ಲೇ ಬಹಳ ಜನ ಎಡವುತ್ತಾರೆ. ಅಕ್ಕಿಯ ಲೆಕ್ಕದಲ್ಲಿ ಅದು ಸುಮಾರು 64 ಗ್ರಾಂ, ಬೇಯಿಸಿದಾಗ ಹತ್ತಿರ ಹತ್ತಿರ 180 ಗ್ರಾಂ ಆಗುತ್ತದೆ. ಬೆರಳಿನ ರಕ್ತ 0, 15, 30, 45, 60, 90, 120 ನಿಮಿಷಕ್ಕೆ. ಅದೇ ಜನರಿಗೆ ಬೇರೆ ದಿನ 50 ಗ್ರಾಂ ಗ್ಲೂಕೋಸ್ ಕುಡಿಸಿ ಮತ್ತೆ ಅಷ್ಟೇ ಸಲ. ಸಕ್ಕರೆಯ ಏರಿಳಿತವನ್ನು ಸಮಯದ ಮೇಲೆ ಗೆರೆಯಾಗಿ ಎಳೆದು, ಗ್ಲೂಕೋಸಿನ ಗೆರೆಯ ಕೆಳಗಿನ ಜಾಗ 100 ಅಂದುಕೊಂಡರೆ ಅನ್ನದ ಗೆರೆಯ ಜಾಗ ಎಷ್ಟು, ಅದೇ ಜಿಐ. ಒಬ್ಬೊಬ್ಬರಲ್ಲಿ ಒಂದೊಂದು ಬರುತ್ತದೆ, ಕೊನೆಗೆ ಸಿಗುವುದು ಹತ್ತು ಜನರ ಸರಾಸರಿ.

ಅಮೈಲೋಸ್ ಅಳೆಯುವುದು ಇದಕ್ಕಿಂತ ಸುಲಭ, ಅಗ್ಗ. 100 ಮಿಲಿಗ್ರಾಂ ಅಕ್ಕಿ ಹಿಟ್ಟಿಗೆ 1 ಮಿಲಿ 95% ಎಥನಾಲ್, 9 ಮಿಲಿ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 10 ನಿಮಿಷ ಕುದಿಯುವ ನೀರಿನಲ್ಲಿಟ್ಟು 100 ಮಿಲಿಗೆ ತುಂಬಿಸಬೇಕು. ಅದರಲ್ಲಿ 5 ಮಿಲಿ ತೆಗೆದು 1 ಮಿಲಿ 1 ನಾರ್ಮಲ್ ಅಸಿಟಿಕ್ ಆಮ್ಲ, 2 ಮಿಲಿ ಅಯೋಡಿನ್ ದ್ರಾವಣ ಸೇರಿಸಿ ಮತ್ತೆ 100 ಮಿಲಿ. 20 ನಿಮಿಷ ಬಿಟ್ಟು 620 ನ್ಯಾನೋಮೀಟರಿನಲ್ಲಿ ನೀಲಿ ಬಣ್ಣ ಓದಬೇಕು. ಕೆಡುವುದು ಎರಡು ಕಡೆ. ಹಿಟ್ಟು ಗಂಟು ಕಟ್ಟಿದರೆ ಅಂಕಿ ಕಡಿಮೆ ಬರುತ್ತದೆ, ಎಥನಾಲಿನಲ್ಲಿ ಮೊದಲು ನೆನೆಸುವುದು ಅದಕ್ಕೇ. ಇನ್ನೊಂದು, ಅಕ್ಕಿಯಲ್ಲಿರುವ ಕೊಬ್ಬು ಅಮೈಲೋಸಿಗೆ ಅಂಟಿಕೊಂಡು ಅಯೋಡಿನ್‌ಗೆ ಜಾಗ ಬಿಡುವುದಿಲ್ಲ. ಪಾಲಿಷ್ ಆಗದ ಕೆಂಪಕ್ಕಿಯನ್ನು ಕೊಬ್ಬು ತೆಗೆಯದೆ ಹಾಕಿದರೆ ಇಲ್ಲದ ಕೊರತೆ ಕಾಣುತ್ತದೆ.

ಉಪಕರಣ ಇಲ್ಲದವರಿಗೆ ಕ್ಷಾರದ ಪರೀಕ್ಷೆ ಇದೆ. ಒಡೆಯದ 6 ಅಕ್ಕಿ ಕಾಳನ್ನು 10 ಮಿಲಿ 1.7% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು 30 ಡಿಗ್ರಿಯಲ್ಲಿ 23 ತಾಸು ಅಲುಗಾಡಿಸದೆ ಬಿಡಬೇಕು. ಹಾಗೇ ಉಳಿದರೆ 1, ಪೂರ್ತಿ ಕರಗಿ ಮೋಡದಂತಾದರೆ 7. ಇದು ಬೇಯುವ ಉಷ್ಣತೆ ಹೇಳುತ್ತದೆ, ಜಿಐ ಹೇಳುವುದಿಲ್ಲ. ಆದರೆ ಒಂದೇ ಚೀಲದ ಆರು ಕಾಳಲ್ಲಿ ಮೂರು 2ಕ್ಕೆ, ಮೂರು 6ಕ್ಕೆ ಬಂದರೆ ಚೀಲದಲ್ಲಿ ಬೆರಕೆ ಇದೆ ಅಂತ ಖಾತ್ರಿ. ಕೈಗೆ ಗ್ಲೌಸ್ ಇರಲಿ, ಆ ದ್ರಾವಣ ಚರ್ಮ ಸುಡುತ್ತದೆ.

ಊಟದ_ಲೆಕ್ಕ

ಲ್ಯಾಬಿನವರು ಹೇಳಿದ 64 ಗ್ರಾಂ ಅಕ್ಕಿ ಯಾರ ಮನೆಯ ತಾಟಿನಲ್ಲೂ ಇರುವುದಿಲ್ಲ ಅನ್ನುವುದು ನಮ್ಮ ತಕರಾರು. ಜಿಐ ಜೊತೆ ಪ್ರಮಾಣ ಗುಣಿಸಬೇಕು: ಜಿಐಯನ್ನು ಉಂಡ ಕಾರ್ಬೋಹೈಡ್ರೇಟಿನ ಗ್ರಾಂನಿಂದ ಗುಣಿಸಿ 100ರಿಂದ ಭಾಗಿಸಿದರೆ ಬರುವುದು 'ಹೊರೆ'. ಜಿಐ 70 ಇರುವ ಅಕ್ಕಿ 60 ಗ್ರಾಂ ಉಂಡರೆ ಕಾರ್ಬೋಹೈಡ್ರೇಟ್ 47 ಗ್ರಾಂ, ಹೊರೆ 33. ಜಿಐ 51ರ ಅಕ್ಕಿ 'ಇದು ಶುಗರಿನವರದ್ದೇ ಅಲ್ಲೇನು' ಅಂತ 100 ಗ್ರಾಂ ಉಂಡರೆ 78 ಗ್ರಾಂ, ಹೊರೆ 40. ಒಳ್ಳೆಯ ಅಕ್ಕಿ ಉಂಡು ಹೆಚ್ಚು ಸಕ್ಕರೆ ಏರಿಸಿಕೊಂಡಂತೆ ಆಯಿತು. ಚೀಲದ ಮೇಲಿನ ಬರಹ ಮಾಡುವ ಅನಾಹುತ ಇದೇ.

ನಮ್ಮ ಕಡೆಯ ಊಟದಲ್ಲಿ ರೊಟ್ಟಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ 34 ಗ್ರಾಂ ಕಾರ್ಬೋಹೈಡ್ರೇಟ್. ಎರಡು ರೊಟ್ಟಿ ತಿಂದು 'ಸ್ವಲ್ಪೇ ಅನ್ನ' ಹಾಕಿಸಿಕೊಂಡರೆ ಆ ಅನ್ನ ಯಾವ ತಳಿ ಅನ್ನುವುದಕ್ಕಿಂತ ಅದು ಮೂರನೇ ರೊಟ್ಟಿ ಅನ್ನುವುದು ಮುಖ್ಯ. ಮೊದಲು ಪಲ್ಯ, ಕಾಳು, ಹಸಿ ತರಕಾರಿ, ಆಮೇಲೆ ರೊಟ್ಟಿ, ಕೊನೆಗೆ ಅನ್ನ. ಈ ಕ್ರಮದಿಂದಲೂ ಏರಿಕೆ ತಗ್ಗುತ್ತದೆ. ಮನೆಯಲ್ಲಿ ಒಂದೇ ಬಟ್ಟಲು ಅಳತೆಗೆ ಇಟ್ಟುಕೊಂಡು ಅಕ್ಕಿಯನ್ನು ಬೇಯಿಸುವ ಮೊದಲೇ ಅಳೆಯಿರಿ. ಅನ್ನವಾದ ಮೇಲೆ ನೀರಿನ ಮೇಲೆ ತೂಕ ಬದಲಾಗುತ್ತದೆ.

ಮತ್ತೆ, ಆರ್‌ಎನ್‌ಆರ್‌ನಿಂದಲೇ ಮಾಡಿದ ಮಂಡಕ್ಕಿ ಆದರೂ ಮಂಡಕ್ಕಿ ಮಂಡಕ್ಕಿಯೇ. ಕಾಳು ಉಬ್ಬಿದಾಗ ಪಿಷ್ಟದ ಗಟ್ಟಿತನ ಪೂರ್ತಿ ಒಡೆದಿರುತ್ತದೆ. ಬಳ್ಳಾರಿಯ ಒಗ್ಗರಣೆ ಮಂಡಕ್ಕಿ 'ಹಗುರ' ಅಂತ ಸಂಜೆ ಎರಡು ಪ್ಲೇಟು ಹಾಕುವುದು ಹೊಟ್ಟೆಗೆ ಹಗುರ, ಮೀಟರಿಗೆ ಅಲ್ಲ.

ಕೊನೆಭಾಗ_ಮಾನ್ವಿ

ತಂಗಳನ್ನಕ್ಕ ಜಿಐ ಕಡಿಮಿ ಅಂತಾರಲ್ರಿ ಅಕ್ಕಾರ, ಅದು ಖರೇ ಏನು? ಹಂಗಿದ್ರ ಬಿಪಿಟಿನೇ ಆರಿಸಿ ಉಂಡ್ರ ಆತಲ್ಲ.

ಊಟದ_ಲೆಕ್ಕ

ಖರೇ, ಆದರೆ ಅರ್ಧ. ಬೆಂದ ಪಿಷ್ಟ ತಣ್ಣಗಾದಾಗ ಒಂದು ಪಾಲು ಮತ್ತೆ ಗಟ್ಟಿಯಾಗುತ್ತದೆ, ಜೀರ್ಣವಾಗದೆ ಮುಂದೆ ಹೋಗುತ್ತದೆ. ಅದು ಸಣ್ಣ ಪಾಲು. ಅಪಾಯ ಬೇರೆ ಕಡೆ ಇದೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಅನ್ನ ಕುದಿಸಿದರೂ ಸಾಯುವುದಿಲ್ಲ. ಬೇಸಿಗೆಯಲ್ಲಿ ಅನ್ನದ ಬೋಗುಣಿ ರಾತ್ರಿಯಿಡೀ ಒಲೆಯ ಪಕ್ಕ ಇದ್ದರೆ ಅದು ಮೊಳೆತು ವಿಷ ಬಿಡುತ್ತದೆ. ಆ ವಿಷಗಳಲ್ಲಿ ವಾಂತಿ ಮಾಡಿಸುವಂಥದ್ದು ಬೆಳಿಗ್ಗೆ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಆರಿಸುವುದಾದರೆ ಅಗಲ ತಾಟಿನಲ್ಲಿ ಹರಡಿ, ಒಂದು ತಾಸಿನೊಳಗೆ ಫ್ರಿಡ್ಜಿಗೆ, ಮರುದಿನ ಹೊಗೆಯಾಡುವಷ್ಟು ಬಿಸಿ ಮಾಡಿ ಉಣ್ಣಬೇಕು. ಫ್ರಿಡ್ಜ್ ಇಲ್ಲದ ಮನೆಗೆ ಈ ಸಲಹೆ ಕೊಡಬೇಡಿ.

ಮಿಲ್_ಹಿತ್ತಲು

ತಳಿಯವರು ಹೊಲದ ತನಕ ಹೇಳಿದರು, ಊಟದವರು ತಾಟಿನಿಂದ ಶುರು ಮಾಡಿದರು, ನಡುವೆ ಮಿಲ್ಲು ಬಿಟ್ಟೇಹೋಯಿತು. ಒಂದೇ ನೆಲ್ಲಿನಿಂದ ಮೂರು ಥರದ ಅಕ್ಕಿ ಬರುತ್ತದೆ. ರಾ ರೈಸ್: ನೆಲ್ಲು ಒಣಗಿಸಿ ಹೊಟ್ಟು ತೆಗೆದು ಪಾಲಿಷ್. ಸ್ಟೀಮ್ ರೈಸ್: ನೆನೆಸದೆ ಸ್ವಲ್ಪ ಹೊತ್ತು ಹಬೆ ಕೊಟ್ಟು ಒಣಗಿಸಿ ಮಿಲ್ ಮಾಡುವುದು, ಹೊಸ ನೆಲ್ಲೂ ಹಳೇ ಅಕ್ಕಿಯ ಹಾಗೆ ಉದುರುದುರಾಗಿ ಬೇಯುತ್ತದೆ. ನಮ್ಮ ಕಡೆ ಈಗ ಹೆಚ್ಚು ಓಡುವುದು ಇದು. ಮೂರನೆಯದು ಕುಚ್ಚಲಕ್ಕಿ: 60ರಿಂದ 70 ಡಿಗ್ರಿ ನೀರಿನಲ್ಲಿ ನಾಲ್ಕಾರು ತಾಸು ನೆನೆಸಿ, ಹಬೆ ಹಾಕಿ, ತೇವ 14%ಗೆ ಇಳಿಸುವುದು. ನೆನೆಸಿ ಬೇಯಿಸಿ ಒಣಗಿಸಿದಾಗ ಪಿಷ್ಟ ಒಮ್ಮೆ ಕರಗಿ ಮತ್ತೆ ಕಟ್ಟಿಕೊಳ್ಳುತ್ತದೆ, ಜಿಐ ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾಗಿ 'ಆರ್‌ಎನ್‌ಆರ್' ಅಂತ ಬರೆದರೆ ಸಾಲದು, ಯಾವ ಮಿಲ್ಲಿಂಗ್ ಅಂತಲೂ ಬರೆಯಬೇಕು.

ನುಚ್ಚು ಹೆಚ್ಚಿದ್ದರೂ ಲೆಕ್ಕ ತಪ್ಪುತ್ತದೆ. ಒಡೆದ ಕಾಳು ಬೇಗ ಬೇಯುತ್ತದೆ, ಬೇಗ ಜೀರ್ಣವಾಗುತ್ತದೆ. ಆರ್‌ಎನ್‌ಆರ್ ಕಾಳು ಬಿಪಿಟಿಗಿಂತಲೂ ಸಣ್ಣ, ಅದೇ ಬಿಗಿಯಲ್ಲಿ ಯಂತ್ರ ಓಡಿಸಿದರೆ ಕಾಳು ತುಂಡಾಗುತ್ತದೆ. 18–20% ತೇವದ ನೆಲ್ಲನ್ನು ರಸ್ತೆ ಮೇಲೆ ಮಟಮಟ ಮಧ್ಯಾಹ್ನ ತೆಳ್ಳಗೆ ಹರವಿ ಒಂದೇ ದಿನಕ್ಕೆ ಒಣಗಿಸಿದರೆ ಕಾಳಿನ ಒಳಗೆ ಕೂದಲಿನಷ್ಟು ಬಿರುಕು ಬೀಳುತ್ತದೆ, ಮಿಲ್ಲಿನಲ್ಲಿ ಅಲ್ಲೇ ಮುರಿಯುತ್ತದೆ.

ಇನ್ನು ಹೆಸರಿನ ವಿಚಾರ. 'ಸೋನಾ ಮಸೂರಿ' ಅನ್ನುವ ತಳಿ ಬಿಪಿಟಿ 3291. ಚೀಲದ ಮೇಲೆ ಸೋನಾ ಮಸೂರಿ ಅಂತ ಬರೆದು ಮಾರುವುದರಲ್ಲಿ ಬಹುಪಾಲು ಬಿಪಿಟಿ 5204, ಈಗ ಆರ್‌ಎನ್‌ಆರ್ ಕೂಡ. ದಲಾಲಿ ಅಂಗಡಿಗೆ 75 ಕೆಜಿ ಚೀಲದಲ್ಲಿ ಬರುವ ನೆಲ್ಲಿಗೆ ತಳಿ ಹೆಸರು ಬಾಯಿಮಾತು. ಎರಡೂ ಸಣ್ಣ ಕಾಳು, ಸುರಿದ ರಾಶಿಯಲ್ಲಿ ಬೆರೆತರೆ ಕಣ್ಣಿಗೆ ಗೊತ್ತಾಗುವುದಿಲ್ಲ.

ಕಾರಟಗಿ_ನೆಲ್ಲು

ಮಿಲ್ಲಿನವರು ಒಪ್ಪಿಕೊಂಡ್ರಲ್ಲ, ಅಷ್ಟು ಸಾಕು 🙂. ಹಂಗಾದ್ರ ಬಿಪಿಟಿ ತಳಿನೇ ಸುಧಾರಿಸಿದ್ದು ಐತಿ ಅಂತಾರಲ್ರಿ, ರೋಗ ಬರಂಗಿಲ್ಲ, ಜಿಐನೂ ಕಡಿಮಿ ಅಂತ. ಅದು ಯಾವುದು?

ತಳಿ_ಮಡಿ

ಇಂಪ್ರೂವ್ಡ್ ಸಾಂಬಾ ಮಸೂರಿ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಸಿಸಿಎಂಬಿ (ಅಲ್ಲಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಕೇಂದ್ರ) ಸೇರಿ ಮಾಡಿದ್ದು, 2008ರಲ್ಲಿ ಬಿಡುಗಡೆ. ಸಾಂಬಾ ಮಸೂರಿ ಅಂದರೆ ಬಾಪಟ್ಲದಿಂದ 1986ರಲ್ಲಿ ಬಂದ ನಮ್ಮ ಬಿಪಿಟಿ 5204ನೇ. ಅದಕ್ಕೆ ದುಂಡಾಣು ಎಲೆ ಅಂಗಮಾರಿ ತಡೆಯುವ ಮೂರು ಜೀನ್ ಸೇರಿಸಿದರು. ಅದರ ಜಿಐ ಕೂಡ 51ರ ಹತ್ತಿರ ಅಂತ ಆಮೇಲೆ ತಿಳಿಯಿತು.

ಸೇರಿಸಿದ ರೀತಿ ಬಿಡಿಸಿ ಹೇಳುತ್ತೇನೆ, ಯಾಕಂದರೆ 'ಜೀನ್ ಸೇರಿಸಿದರು' ಅಂದ ಕೂಡಲೇ ಕುಲಾಂತರಿ ಅಂತ ಗಾಬರಿಯಾಗುವವರಿದ್ದಾರೆ. ಇದು ಕುಲಾಂತರಿ ಅಲ್ಲ, ಹೂವಿಗೆ ಹೂವು ಕೂಡಿಸಿದ್ದೇ. ಮಧ್ಯಾಹ್ನದ ಮೇಲೆ ಅರ್ಧ ಹೊರಬಂದ ತೆನೆ ಆರಿಸಿ, ಪ್ರತಿ ಹೂವಿನ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಒಳಗಿನ ಆರು ಪರಾಗಕೋಶ ತೆಗೆದು, ಬಟರ್ ಪೇಪರ್ ಚೀಲ ಹಾಕಬೇಕು. ಒಂದು ಕೋಶ ಉಳಿದರೂ ಸ್ವಂತ ಪರಾಗ ಬಿದ್ದು ಕೆಲಸ ಕೆಟ್ಟಿತು. ಮರುದಿನ ಬೆಳಿಗ್ಗೆ 9ರಿಂದ 11ರೊಳಗೆ ಗಂಡು ತೆನೆಯನ್ನು ಅದರ ಮೇಲೆ ಕೊಡವಬೇಕು. ಹೂವು ತೆರೆದಾಗ 35 ಡಿಗ್ರಿ ದಾಟಿದರೆ ಪರಾಗ ಸೊರಗಿ ಕಾಳು ಕಟ್ಟುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಸಂಕರದ ಕೆಲಸ ಹೆಚ್ಚು ಸೋಲುವುದು ಇಲ್ಲಿ.

ಹುಟ್ಟಿದ ಸಂತಾನವನ್ನು ಮತ್ತೆ ಬಿಪಿಟಿಗೇ ಕೂಡಿಸಬೇಕು, ಹೀಗೆ ನಾಲ್ಕು ಸಲ. ಪ್ರತಿ ಸಲ ಹೊರಗಿನ ರಕ್ತ ಅರ್ಧವಾಗುತ್ತದೆ, ನಾಲ್ಕನೇ ಸಲಕ್ಕೆ ಸುಮಾರು 97% ಬಿಪಿಟಿ. ತೊಂದರೆ ಎಂದರೆ ಆ ಮೂರು ಜೀನಿನಲ್ಲಿ ಎಕ್ಸ್‌ಎ5, ಎಕ್ಸ್‌ಎ13 ಎರಡೂ ಅಡಗಿ ಕೂರುವ ಜೀನುಗಳು. ಒಂದೇ ಪ್ರತಿ ಇದ್ದ ಗಿಡಕ್ಕೂ ರೋಗ ಬರುತ್ತದೆ, ಕಣ್ಣಿನಿಂದ ಆರಿಸಲಾಗದು. ಎಕ್ಸ್‌ಎ21 ಮಾತ್ರ ಒಂದು ಪ್ರತಿಯಲ್ಲೇ ಕೆಲಸ ಮಾಡುತ್ತದೆ, ಅದು ಆಫ್ರಿಕಾದ ಕಾಡುಭತ್ತದಿಂದ ಬಂದದ್ದು. ಅದಕ್ಕೇ ಎಳೆ ಎಲೆಯಿಂದ ಡಿಎನ್‌ಎ ತೆಗೆದು ಮಾರ್ಕರ್ (ಜೀನ್ ಇದೆಯೋ ಇಲ್ಲವೋ ತೋರಿಸುವ ಗುರುತು) ನೋಡುತ್ತಾರೆ. ಮರುಸಂಕರದಲ್ಲಿ ಮೂರೂ ಜೀನ್ ಒಟ್ಟಿಗೆ ಇರುವ ಗಿಡ ಎಂಟಕ್ಕೆ ಒಂದು. ನೂರಕ್ಕೆ 99 ಸಲ ಒಂದಾದರೂ ಸಿಗಬೇಕು ಎಂದರೆ 35 ಸಸಿ ನೋಡಬೇಕು. ಕೊನೆಗೆ ಸ್ವಪರಾಗದಲ್ಲಿ ಮೂರೂ ಎರಡೆರಡು ಪ್ರತಿ ಇರುವ ಗಿಡ 64ಕ್ಕೆ ಒಂದು. ಅಲ್ಲಿ ಸುಮಾರು 300 ಸಸಿ ಬೇಕು. 64 ಸಸಿ ಹಾಕಿ 'ಒಂದು ಬರಬೇಕಿತ್ತಲ್ಲ' ಅಂತ ಕೂತರೆ ಮೂರು ಸಲಕ್ಕೆ ಒಂದು ಸಲ ಬರಿಗೈ.

ಆಮೇಲೆ ರೋಗದ ಪರೀಕ್ಷೆ: ಮಿಲಿಲೀಟರಿಗೆ ಸುಮಾರು 100 ಕೋಟಿ ದುಂಡಾಣು ಇರುವ ನೀರಿನಲ್ಲಿ ಕತ್ತರಿ ಅದ್ದಿ ಎಲೆ ತುದಿ ಕತ್ತರಿಸಿ, ಎರಡು ವಾರಕ್ಕೆ ಒಣಗಿದ ಭಾಗ ಅಳೆಯುವುದು. ತಡೆ ಇದ್ದರೆ ಕೆಲವೇ ಸೆಂಟಿಮೀಟರಿಗೆ ನಿಲ್ಲುತ್ತದೆ, ಬಿಪಿಟಿಯಲ್ಲಿ ಎಲೆ ಉದ್ದಕ್ಕೂ ಓಡುತ್ತದೆ.

ಎನ್‌ಸಿಡಿ_ಡ್ಯೂಟಿ

ಈ ಎಲೆ ಅಂಗಮಾರಿಯ ಮಾತಿಗೆ ಆಸ್ಪತ್ರೆಯ ಕಡೆಯಿಂದ ಒಂದು ಸೇರಿಸಬೇಕು. ಈ ರೋಗಕ್ಕೆ ಹೊಡೆಯುವ ಸ್ಟ್ರೆಪ್ಟೊಸೈಕ್ಲಿನ್ ಪುಡಿಯಲ್ಲಿ ಇರುವುದು 90% ಸ್ಟ್ರೆಪ್ಟೊಮೈಸಿನ್, 10% ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೊಮೈಸಿನ್ ಕ್ಷಯ ರೋಗಕ್ಕೆ ಕೊಡುತ್ತಾ ಬಂದ ಔಷಧಿ. ಸಾವಿರಾರು ಎಕರೆ ನೀರು ನಿಂತ ಗದ್ದೆಗೆ ಸುರಿದರೆ ಆ ನೀರು, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಕಲಿಯುತ್ತವೆ, ಆ ಕಲಿಕೆಯನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ರೋಗ ತಡೆಯುವ ತಳಿಯಿಂದ ಆಸ್ಪತ್ರೆಗೆ ಆಗುವ ಉಪಕಾರ ನನ್ನ ಲೆಕ್ಕದಲ್ಲಿ ಜಿಐಗಿಂತ ದೊಡ್ಡದು.

ಕೊನೆಭಾಗ_ಮಾನ್ವಿ

ಎಲಿ ಒಣಗಿದ ಕೂಡ್ಲೇ ಅಂಗಡ್ಯಾಂವ ಆ ಪುಡಿನೇ ಕೊಡ್ತಾನ್ರಿ. ಅಂಗಮಾರಿ ಹೌದೋ ಅಲ್ಲೋ ನೋಡದು ಹೆಂಗ?

ತಳಿ_ಮಡಿ

ಅಂಚು ಒಣಗುತ್ತಿರುವ ಎಲೆಯಿಂದ, ಹಸಿರು ಮತ್ತು ಹಳದಿ ಕೂಡುವ ಜಾಗದಲ್ಲಿ ಒಂದು ತುಂಡು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ, ಬೆಳಕಿಗೆ ಹಿಡಿಯಿರಿ. ಐದು ಹತ್ತು ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನ ಎಳೆ ಇಳಿದಂತೆ ಕಂಡರೆ ದುಂಡಾಣು. ಏನೂ ಇಳಿಯದಿದ್ದರೆ ಸವಳಿನ ಸುಡುವಿಕೆಯೋ, ಪೊಟ್ಯಾಷ್ ಕೊರತೆಯೋ ಇರಬೇಕು. ಕಾಲುವೆಯ ಕೊನೆ ಭಾಗದ ಸವಳು ಹೊಲದಲ್ಲಿ ಇವೆರಡೂ ಹೆಚ್ಚು. ರೋಗ ಖಾತ್ರಿಯಾದರೆ ಯೂರಿಯಾ ನಿಲ್ಲಿಸಿ, ಒಂದೆರಡು ದಿನ ನೀರು ಬಸಿದು ಬಿಡಿ, ಆ ಮಡಿಯ ನೀರು ಪಕ್ಕದ ಮಡಿಗೆ ಹರಿಯದಂತೆ ನೋಡಿಕೊಳ್ಳಿ.

ಕಾರಟಗಿ_ನೆಲ್ಲು

ಮತ್ತ ಅಕ್ಕಿಗೆ ಬರೋಣ್ರಿ. ಮನ್ಯಾಗ ಗ್ಲೂಕೋಮೀಟರ್ ಐತಿ. ಎರಡೂ ಅಕ್ಕಿ ಉಂಡು ನಾವೇ ಹೋಲಿಸಿ ನೋಡಬಹುದೇನು?

ಎನ್‌ಸಿಡಿ_ಡ್ಯೂಟಿ

ಇನ್‌ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಗುಳಿಗೆ ತೆಗೆದುಕೊಳ್ಳುವವರು ಮೊದಲು ಡಾಕ್ಟರಿಗೆ ಹೇಳಿ. ಈ ಔಷಧಿಗಳು ನೀವು ಎಷ್ಟು ಉಂಡಿರಿ ಅಂತ ಕೇಳುವುದಿಲ್ಲ. ಅನ್ನ ಕಡಿಮೆ ಮಾಡಿ ಡೋಸ್ ಹಾಗೇ ಇಟ್ಟರೆ ಸಕ್ಕರೆ 70ರ ಕೆಳಗೆ ಇಳಿಯುತ್ತದೆ: ಬೆವರು, ನಡುಕ, ಮಾತು ತಡವರಿಕೆ. ಕೂಡಲೇ 15 ಗ್ರಾಂ ಗ್ಲೂಕೋಸ್ ಪುಡಿ ನೀರಿನಲ್ಲಿ, ಅಥವಾ ಮೂರು ಚಮಚ ಸಕ್ಕರೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಕೂಡ ನುಂಗುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು. ಇವರ ಮನೆಯಲ್ಲಿ ಆ ಡಬ್ಬಿ ಇರಲೇಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಎಷ್ಟೇ ಒಳ್ಳೆಯ ಅಕ್ಕಿ ಇದ್ದರೂ ಗುಳಿಗೆ ನಿಲ್ಲಿಸುವ ಮಾತು ಬೇಡ. ಅಕ್ಕಿ ಬದಲಿಸಿದ್ದರ ಫಲ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿಯಲ್ಲಿ ಕಾಣಲು ಮೂರು ತಿಂಗಳು ಬೇಕು, ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳ ರಿಪೋರ್ಟ್ ಓದುವಾಗ ಹಿಮೋಗ್ಲೋಬಿನ್ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಲ್ಯಾಬ್_ಟೇಬಲ್

ಡಾಕ್ಟರ ಒಪ್ಪಿಗೆ ಇದ್ದರೆ ಹೀಗೆ ಮಾಡಿ. ಖಾಲಿ ಹೊಟ್ಟೆ, ಪ್ರತಿ ಸಲ ಅದೇ 64 ಗ್ರಾಂ ಅಕ್ಕಿ, ಅದೇ ನೀರು, ಅದೇ ಕುಕ್ಕರ್ ಸೀಟಿ, ಅದೇ ತಿಳಿಸಾರು. 15 ನಿಮಿಷದಲ್ಲಿ ಉಂಡು ಮುಗಿಸಬೇಕು. ಮೊದಲ ತುತ್ತಿನಿಂದ ಗಡಿಯಾರ. 0, 30, 60, 90, 120ಕ್ಕೆ ಮೀಟರ್. ಎರಡು ತಾಸು ಕೂತೇ ಇರಿ, ಅಡ್ಡಾಡಿದರೆ ಸಕ್ಕರೆ ಇಳಿಯುತ್ತದೆ.

ಲೆಕ್ಕ ತೋರಿಸಲು ಅಂದಾಜು ಅಂಕಿ ಹಾಕುತ್ತೇನೆ. ಬಿಪಿಟಿ: 100, 148, 165, 140, 120. ಮೊದಲಿನ 100 ಕಳೆದರೆ 0, 48, 65, 40, 20. ಅಕ್ಕಪಕ್ಕದ ಎರಡರ ಸರಾಸರಿಯನ್ನು 30ರಿಂದ ಗುಣಿಸಿ ಕೂಡಿದರೆ 720 + 1695 + 1575 + 900, ಒಟ್ಟು 4890. ಆರ್‌ಎನ್‌ಆರ್: 100, 142, 156, 138, 122. ಅದೇ ರೀತಿ 630 + 1470 + 1410 + 900, ಒಟ್ಟು 4410. ಸುಮಾರು 10% ಕಡಿಮೆ. 'ಗೆದ್ದಿತು' ಅನ್ನಬೇಡಿ. ಮನೆಯ ಮೀಟರಿಗೆ 100ರ ಮೇಲೆ 15% ಆಚೀಚೆ ತೋರಿಸಲು ಐಎಸ್‌ಒ 15197 ಅವಕಾಶ ಕೊಟ್ಟಿದೆ. ಒಂದೊಂದು ಅಕ್ಕಿಗೆ ಕನಿಷ್ಠ ಮೂರು ದಿನ ಮಾಡಿ, ಮೂರರಲ್ಲೂ ಒಂದೇ ಕಡೆ ವಾಲಿದರೆ ಆಗ ನಂಬಿ.

ಬೆರಳು ಸೋಪಿನಲ್ಲಿ ತೊಳೆದು ಒರೆಸಬೇಕು. ಬಾಳೆಹಣ್ಣು ಸುಲಿದ ಕೈ ಇದ್ದರೆ ಮೀಟರ್ ಹಣ್ಣಿನ ಸಕ್ಕರೆ ಓದುತ್ತದೆ. ಸ್ಟ್ರಿಪ್ಪಿನ ಡಬ್ಬಿ 30 ಡಿಗ್ರಿ ಒಳಗೆ, ಮುಚ್ಚಳ ಬಿಗಿಯಾಗಿ. ಮೇ ತಿಂಗಳ ರಾಯಚೂರಿನಲ್ಲಿ ತಗಡಿನ ಮಾಡಿನ ಕೆಳಗೆ, ಬೈಕಿನ ಡಿಕ್ಕಿಯಲ್ಲಿ ಇಟ್ಟ ಸ್ಟ್ರಿಪ್ ನಂಬಬೇಡಿ. ಫ್ರಿಡ್ಜಿನಲ್ಲೂ ಇಡಬೇಡಿ, ಹೊರಗೆ ತೆಗೆದಾಗ ತೇವ ಕೂರುತ್ತದೆ. ಫ್ರಿಡ್ಜ್ ಬೇಕಾಗಿರುವುದು ತೆರೆಯದ ಇನ್‌ಸುಲಿನ್‌ಗೆ, 2ರಿಂದ 8 ಡಿಗ್ರಿ.

ಗಂಗಾವತಿ_ಪೇಟೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ರೇಷನ್ ಅಕ್ಕಿಯಲ್ಲಿ ಬರುವ 'ಪ್ಲಾಸ್ಟಿಕ್ ಅಕ್ಕಿ' ಕೂಡ ಶುಗರಿನವರಿಗೆ ಅಂತ ಸೇರಿಸಿದ್ದಾ?

ಊಟದ_ಲೆಕ್ಕ

ಅಲ್ಲ. ಅದು ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಅಚ್ಚಿನಲ್ಲಿ ಒತ್ತಿದ್ದು, 100 ಕೆಜಿಗೆ 1 ಕೆಜಿ ಬೆರೆಸುತ್ತಾರೆ. ಅಚ್ಚಿನದಾದ್ದರಿಂದ ಬಣ್ಣ ಬೇರೆ, ನೀರಿನಲ್ಲಿ ತೇಲಬಹುದು. ಆರಿಸಿ ಎಸೆಯಬೇಡಿ, ಅದರಲ್ಲೇ ಇದೆ ಸಾರ. ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇದ್ದವರು ಮಾತ್ರ ಡಾಕ್ಟರನ್ನು ಕೇಳಬೇಕು. ಜಿಐಗೂ ಅದಕ್ಕೂ ಸಂಬಂಧ ಇಲ್ಲ.

ತಳಿ_ಮಡಿ

ಮುಂದೆ ಬರಲಿರುವುದರ ಬಗ್ಗೆ ಒಂದು ಮಾತು. 2024ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಸ್ಥೆಯವರು ಸಾಂಬಾ ಮಸೂರಿಯನ್ನು ಐಆರ್ 36 ಅನ್ನುವ ತಳಿಯ ಹೆಚ್ಚು ಅಮೈಲೋಸಿನ ರೂಪಾಂತರದ ಜೊತೆ ಕೂಡಿಸಿ, ಜಿಐ 45ಕ್ಕಿಂತ ಕಡಿಮೆ, ಪ್ರೋಟೀನ್ ಸುಮಾರು 16% ಇರುವ ಸಾಲುಗಳನ್ನು ತೋರಿಸಿದ್ದಾರೆ. ಪಿಷ್ಟಕ್ಕೆ ಕವಲು ಕಟ್ಟುವ ಒಂದು ಕಿಣ್ವ ಅದರಲ್ಲಿ ಕೆಲಸ ಮಾಡುವುದಿಲ್ಲ. ಅಮೈಲೋಸ್ ಬಹಳ ಏರಿದರೆ ಅನ್ನ ಆರಿದ ಮೇಲೆ ಬಿರುಸಾಗುತ್ತದೆ. ಬಿಪಿಟಿಯ ಮೆತ್ತನೆ ಬಾಯಿಗೆ ಒಗ್ಗಿದವರು ಒಪ್ಪಬೇಕು, ತಳಿಗಾರರಿಗೆ ಕಷ್ಟ ಇರುವುದು ಅಲ್ಲಿ.

ಈಗ ಮೂರನೇ ಪ್ರಶ್ನೆ, ಹೊಲದ್ದು. ಆರ್‌ಎನ್‌ಆರ್ ಅವಧಿ ಸುಮಾರು 125 ದಿನ, ಬಿಪಿಟಿ 145ರಿಂದ 150. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ಮೂರು ವಾರದ ನೀರು ಉಳಿಯುವುದು ಸಣ್ಣ ಮಾತಲ್ಲ. ಆದರೆ ಬಿಪಿಟಿಯ ಲೆಕ್ಕದಲ್ಲೇ ಗೊಬ್ಬರ ಹಾಕಿದರೆ ಮಲಗುತ್ತದೆ. ಕೊನೆಯ ಯೂರಿಯಾ ಹೊಡೆ ಕಟ್ಟುವ (ತೆನೆ ಎಲೆಯೊಳಗೆ ಉಬ್ಬುವ) ಮೊದಲೇ ಮುಗಿಯಬೇಕು, ಬಿಪಿಟಿಯ ದಿನ ನೋಡಿ ಹಾಕಿದರೆ ತಡವಾಗಿರುತ್ತದೆ. 25 ದಿನ ದಾಟಿದ ಸಸಿ ನಾಟಿ ಮಾಡಬೇಡಿ, ಕಡಿಮೆ ಅವಧಿಯ ತಳಿಗೆ ತೆಂಡೆ ಒಡೆಯಲು ಸಮಯವೇ ಉಳಿಯುವುದಿಲ್ಲ.

ಕೊನೆಭಾಗ_ಮಾನ್ವಿ

ಬೀಜಕ್ಕಂತ ಇಡೋದಾದ್ರ ಬೆರಕಿ ತಗಿಯೋದು ಹೆಂಗ್ರಿ? ಹೋದ ಬೆಳಿ ಬಿಪಿಟಿ ಇದ್ದ ಹೊಲ.

ತಳಿ_ಮಡಿ

ಹೋದ ಬೆಳೆಯ ಉದುರು ಕಾಳೇ ನಿಮ್ಮ ಮೊದಲ ಶತ್ರು. ನಾಟಿಗೆ ಮೊದಲು ಹೊಲ ಒದ್ದೆ ಮಾಡಿ ಹತ್ತು ದಿನ ಬಿಡಿ, ಮೊಳೆತದ್ದನ್ನು ಕೆಸರಿನಲ್ಲಿ ತುಳಿದು ಹಾಕಿ, ಸಾಧ್ಯವಾದರೆ ಎರಡು ಸಲ. ನೀಲಿ ಟ್ಯಾಗಿನ ಪ್ರಮಾಣಿತ ಬೀಜ ತನ್ನಿ. ಹಸಿರು ಟ್ಯಾಗ್ ಅಂದರೆ ಕಂಪನಿಯ ಸ್ವಂತ ಮಾತು. ಪಕ್ಕದ ಬೇರೆ ತಳಿಯಿಂದ 3 ಮೀಟರ್ ದೂರ ಸಾಕು, ಭತ್ತ ಸ್ವಪರಾಗದ ಬೆಳೆ. ಪ್ರಮಾಣಿತ ಬೀಜದ ಹೊಲದಲ್ಲಿ 1000ಕ್ಕೆ 2 ಬೆರಕೆ ತೆನೆ ದಾಟಬಾರದು.

ಆರಿಸುವ ಕೆಲಸ ನಿಮಗೆ ಸುಲಭವಿದೆ. ಆರ್‌ಎನ್‌ಆರ್ ಸುಮಾರು 95 ದಿನಕ್ಕೆ ತೆನೆ ಹಾಕುತ್ತದೆ, ಬಿಪಿಟಿ 115 ದಾಟಿದ ಮೇಲೆ. ಎಲ್ಲ ತೆನೆ ಬಾಗಿ ಹಾಲುಗಟ್ಟಿದಾಗ ಬೆಳಿಗ್ಗೆ ಸೂರ್ಯನಿಗೆ ಬೆನ್ನು ಮಾಡಿ ಸಾಲಿನ ನಡುವೆ ನಡೆಯಿರಿ, ಇನ್ನೂ ಹೊಡೆಯಲ್ಲೇ ನೆಟ್ಟಗೆ ನಿಂತಿರುವ ಬುಡ ಬಿಪಿಟಿ. ಬೇರು ಸಮೇತ ಕೀಳಬೇಕು, ಕೊಯ್ದರೆ ಮತ್ತೆ ಚಿಗುರುತ್ತದೆ.

ಕೊನೆಗೆ ಕೊಯ್ಲು ಮಿಷನ್. ಹಿಂದಿನ ಹೊಲದ ಕಾಳು ಅದರ ಟ್ಯಾಂಕು, ಎಲಿವೇಟರಿನಲ್ಲಿ ಕೂತಿರುತ್ತದೆ. ಟ್ಯಾಂಕ್ ಗುಡಿಸಿ, ಖಾಲಿ ಓಡಿಸಿ, ಮೊದಲು ಕೊಯ್ದ ಎರಡು ಚೀಲವನ್ನು ಬೇರೆ ಗುರುತು ಹಾಕಿ ಮಿಲ್ಲಿಗೆ ಕಳಿಸಿ. ಬೀಜದ ರಾಶಿಗೆ ಮೂರನೇ ಚೀಲದಿಂದ ಸುರಿಯಿರಿ, ತೇವ 13% ಆಗುವ ತನಕ ನೆರಳಲ್ಲಿ ಒಣಗಿಸಿ.

ಮಿಲ್_ಹಿತ್ತಲು

ಆ ಎರಡು ಚೀಲದ ಮೇಲೆ 'ಬೆರಕೆ' ಅಂತ ಬರೆದೇ ಕಳಿಸಿ ಅಣ್ಣಾರ, ಬರೆಯದೆ ಬಂದದ್ದು ಮತ್ತೆ ಆರ್‌ಎನ್‌ಆರ್ ರಾಶಿಗೇ ಬೀಳುತ್ತದೆ.